ಅಪ್ಪ ಕೂರಿಸಿದ ತಂತಿ

ನಮ್ಮ ಮನೆಯಲ್ಲಿ ತಂತಿಗಳು ಶ್ರುತಿ ಸೇರುತ್ತಿರಲಿಲ್ಲ, ಕೂತುಕೊಳ್ಳುತ್ತಿದ್ದವು. ಅದು ಅಪ್ಪನ ಮಾತು. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಅವನು ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಅಲ್ಲಿ ಶಾಫ್ಟಿಗೆ ಬುಶ್ ಹಾಕಿದಾಗ ಅದು ಬಿಗಿಯೂ ಆಗದೆ ಸಡಿಲವೂ ಆಗದೆ ತನ್ನ ಜಾಗಕ್ಕೆ ಸೇರಿಕೊಂಡರೆ 'ಕೂತ್ಕೊಂತು' ಅನ್ನುತ್ತಾರೆ. ಅಪ್ಪ ಆ ಮಾತನ್ನು ಊಟದ ಡಬ್ಬಿಯ ಜೊತೆ ಮನೆಗೆ ತಂದು ನನ್ನ ಗಿಟಾರಿನ ಪಕ್ಕದಲ್ಲಿಟ್ಟ. ಬಿರಡೆ ತಿರುಗಿಸುತ್ತ, ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಶ್ರುತಿ ಪೆಟ್ಟಿಗೆಗೂ ತಂತಿಗೂ ನಡುವಿನ ಒಂದು ಸಣ್ಣ ಅದುರು ನಿಲ್ಲುವವರೆಗೆ ಕಾಯುತ್ತಿದ್ದ. ನಿಂತ ಕೂಡಲೇ, "ಕೂತ್ಕೊಂತು." ಆ ಮಾತು ಬೀಳುವವರೆಗೆ ತಂತಿಯ ಮೇಲೆ ಜಾರಿಸಿ ನುಡಿಸುವ ರಾಡನ್ನು ನಾನು ಮುಟ್ಟುವ ಹಾಗಿರಲಿಲ್ಲ.

ಗಿಟಾರ್ ನಮ್ಮ ಮನೆಗೆ ಬಂದದ್ದು ನನಗಾಗಿ ಅಲ್ಲ. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಊರು ಬಿಡುವಾಗ ಲಾರಿಯಲ್ಲಿ ಜಾಗ ಸಾಲದೆ ನಮಗೆ ಕೊಟ್ಟು ಹೋಗಿದ್ದರು. ಆರ್.ಟಿ. ನಗರದ ನಮ್ಮ ಎರಡು ಕೋಣೆಯ ಮನೆಯಲ್ಲೂ ಅದಕ್ಕೆ ಜಾಗವಿರಲಿಲ್ಲ. ಬೀರುವಿನ ಮೇಲೆ ಮಲಗಿತ್ತು, ಅಮ್ಮ ಅದರ ಮೇಲೆ ಚಾಪೆ ಸುತ್ತಿಟ್ಟಿದ್ದಳು. ನನಗೆ ಐದು ವರ್ಷವಿದ್ದಾಗ ಒಂದು ದಿನ ಅಮ್ಮ ಧೂಳು ಹೊಡೆಯಲು ಅದನ್ನು ಕೆಳಗಿಳಿಸಿದಳು. ಎತ್ತಿ ಹಿಡಿಯಲು ಆಗದೆ ಅದನ್ನು ತೊಡೆಯ ಮೇಲೆ ಅಡ್ಡಡ್ಡ ಮಲಗಿಸಿಕೊಂಡೆ. ಎಳೆ ಬೆರಳಿಗೆ ತಂತಿ ಒತ್ತಲೂ ಆಗಲಿಲ್ಲ. ಪುಟ್ಟೇನಹಳ್ಳಿಯಿಂದ ಬಂದಿದ್ದ ಅಜ್ಜಿ, ಅಪ್ಪನ ತಾಯಿ, ಪಕ್ಕದಲ್ಲೇ ಕಾಲು ಚಾಚಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು. ಬಾಯಲ್ಲಿ ಹಲ್ಲಿಲ್ಲದ ಅವಳಿಗೆ ಆ ಕುಟ್ಟಾಣಿಯೇ ಹಲ್ಲು. ಅವಳು ನೀರು ಕುಡಿಯಲು ಎದ್ದಾಗ ಕುಟ್ಟಾಣಿಯ ಕಬ್ಬಿಣದ ಕೋಲನ್ನು ಎತ್ತಿಕೊಂಡು ತಂತಿಯ ಮೇಲೆ ಎಳೆದೆ.

ಬೆಳಿಗ್ಗೆ ನಮ್ಮ ಬೀದಿಯಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬಳು 'ಸೊಪ್ಪೂ' ಎಂದು ಕೂಗಿ, ಕೊನೆಯಲ್ಲಿ ದನಿಯನ್ನು ಕೆಳಕ್ಕೆ ಜಾರಿಸಿ ಮತ್ತೆ ಮೇಲಕ್ಕೆ ತರುತ್ತಿದ್ದಳು. ತಂತಿಯಲ್ಲಿ ಬಂದದ್ದು ಅದೇ ಕೂಗು. ನಾನು ನುಡಿಸಿದೆ ಎಂದು ಹೇಳಲಾರೆ. ಅದು ಅಲ್ಲಿತ್ತು, ಸಿಕ್ಕಿತು.

"ಯಾವಳೇ ಅವ್ಳು ನನ್ ಕೋಲು ಎತ್ಕೊಂಡ್ ಓದೋಳು?" ಅಜ್ಜಿ ಒಳಗಿನಿಂದ ಬೈಯುತ್ತ ಬಂದಳು. ಆಮೇಲೆ ನಿಂತು ಕೇಳಿದಳು. "ನುಡ್ಸು ನುಡ್ಸು. ನಿನ್ ಪದಕ್ಕೆಲ್ಲ ಇನ್ಮೇಲೆ ಸುಣ್ಣದ ವಾಸ್ನೆ ಒಡೀತದೆ."

ಅಪ್ಪ ನನ್ನ ಎಡಗೈ ಮುಷ್ಟಿ ಮಾಡಿಸಿ, ಅದರ ತೂತನ್ನು ಬೆರಳಿನಿಂದ ಅಳೆದ. ಮಾರನೆಯ ದಿನ ಕಾರ್ಖಾನೆಯಿಂದ ವರ್ನಿಯರ್ ತಂದು ಇನ್ನೊಮ್ಮೆ ಅಳೆದ. ವಾರದೊಳಗೆ ಒಂದು ಉಕ್ಕಿನ ರಾಡು ಬಂತು. ಮೇಲಧಿಕಾರಿಯನ್ನು ಕೇಳಿ, ಉಳಿದ ತುಂಡಿನಿಂದ ಊಟದ ಬಿಡುವಿನಲ್ಲಿ ತಿರುಗಿಸಿ ಹೊಳಪು ಕೊಟ್ಟದ್ದು. ಅದರಲ್ಲಿ ನನ್ನ ಮುಖ ಉದ್ದಕ್ಕೆ ಕಾಣುತ್ತಿತ್ತು. ನನ್ನ ಕೈ ಬೆಳೆದ ಹಾಗೆಲ್ಲ ಹೊಸ ರಾಡು. ಬೇರೆ ಮಕ್ಕಳ ಅಪ್ಪಂದಿರು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಗೆರೆ ಎಳೆಯುತ್ತಿದ್ದರು. ನನ್ನ ಬಾಲ್ಯ ಏಳು ರಾಡುಗಳಾಗಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದೆ.

ಸಂಗೀತ ಕಲಿಸಿದ್ದು ಸಂಜಯನಗರದ ಹಾಡುಗಾರಿಕೆಯ ಮೇಷ್ಟ್ರು. ಅವರು ಹಾಡುತ್ತಿದ್ದರು, ನಾನು ಅದನ್ನು ತಂತಿಯಲ್ಲಿ ಹುಡುಕುತ್ತಿದ್ದೆ. ಅಪ್ಪನಿಗೆ ಸ್ವರಗಳ ಹೆಸರು ಪೂರ್ತಿ ಬರುತ್ತಿರಲಿಲ್ಲ. ಆದರೆ ಲೇತಿನ ಸದ್ದು ಕೇಳಿಯೇ ಉಳಿ ಮೊಂಡಾಗಿದೆ ಎಂದು ಹೇಳಬಲ್ಲ ಕಿವಿ ಅದು. ಶ್ರುತಿ ಅವನ ಕೆಲಸ ಎಂದು ಮೇಷ್ಟ್ರೇ ಬಿಟ್ಟುಕೊಟ್ಟಿದ್ದರು. ಅಡುಗೆಮನೆಯ ಕುಕ್ಕರ್ ಕೂಗುವುದನ್ನು ಎಣಿಸುವುದೂ ಅವನ ಕೆಲಸವೇ. ಪೇಪರ್ ಓದುತ್ತಿದ್ದರೂ "ಮೂರಾಯ್ತು ಕಣೇ, ಆರ್ಸು" ಎನ್ನುತ್ತಿದ್ದ. ಅಮ್ಮ ಎಣಿಸುವುದನ್ನೇ ಮರೆತಿದ್ದಳು.

ಕೆಲಸದ ಬಗ್ಗೆ ಅಪ್ಪನಿಗೆ ಒಂದೇ ಕಟ್ಟಳೆ. ಕೆಟ್ಟದ್ದನ್ನು ಕೆಟ್ಟಿದೆ ಎಂದು ಹೇಳಬೇಕು. ಒಮ್ಮೆ ಅವನು ಮಾಡಿದ ಬುಶ್ ಒಂದು ಕೂದಲೆಳೆಯಷ್ಟು ದೊಡ್ಡದಾಗಿತ್ತಂತೆ. ಯಾರೂ ನೋಡಿರಲಿಲ್ಲ. ಅಳತೆಯವರು ಪಾಸ್ ಮಾಡಿಯೂ ಆಗಿತ್ತು. ಅಪ್ಪ ಅದನ್ನು ರಾಶಿಯಿಂದ ಹುಡುಕಿ ತೆಗೆದು ಸೂಪರ್‌ವೈಸರ್ ಮೇಜಿನ ಮೇಲಿಟ್ಟು, ನಂದೇ ತಪ್ಪು, ರಿಜೆಕ್ಟ್ ಮಾಡಿ ಅಂದನಂತೆ. ಈ ಕಥೆಯನ್ನು ಅವನು ಹೆಮ್ಮೆಯಿಂದ ಹೇಳುತ್ತಿರಲಿಲ್ಲ. ಆ ಬುಶ್ ಹಾಳಾಯಿತಲ್ಲ ಎಂಬ ಸಂಕಟದಿಂದ ಹೇಳುತ್ತಿದ್ದ.

ನನಗೆ ಎಂಟು ವರ್ಷವಾದಾಗ ಸಂಜಯನಗರದಲ್ಲೇ ಒಂದು ರಾಮೋತ್ಸವದ ಪೆಂಡಾಲಿನಲ್ಲಿ ಕಛೇರಿ. ಕೀರ್ತನೆಯ ನಡುವೆ ಒಂದು ತಂತಿ ಇಳಿಯಿತು. ನಾನು ನಿಲ್ಲಿಸದೆ ಹೋಗುತ್ತಿದ್ದೆ. ಜನ ಪಾನಕ ಕುಡಿಯುತ್ತ ತಲೆದೂಗುತ್ತಿದ್ದರು. ಅಪ್ಪ ಮೂರನೇ ಸಾಲಿನ ಮೂಲೆಯ ಕುರ್ಚಿಯಿಂದ ಎದ್ದು, ವೇದಿಕೆ ಹತ್ತಿ, ಮೈಕಿಗೆ ಬಗ್ಗಿ ಹೇಳಿದ: "ಒಂದ್ ನಿಮಿಷ. ತಂತಿ ಇಳಿದಿದೆ." ಅಷ್ಟು ಜನರ ಎದುರು ಬಿರಡೆ ತಿರುಗಿಸಿ, ಕೂತ್ಕೊಂತು ಎಂದು ಹೇಳಿ ಕೆಳಗಿಳಿದ. ಸ್ಕೂಟರಿನಲ್ಲಿ ಮನೆಗೆ ಬರುವಾಗ ಗಿಟಾರಿಗೂ ಅಪ್ಪನಿಗೂ ನಡುವೆ ನಿಂತು ನಾನು ಅಳುತ್ತಿದ್ದೆ. ಮಾನ ಹೋಯಿತು ಎಂದು ಯಾರಿಂದಲೋ ಕಲಿತ ದೊಡ್ಡವರ ಮಾತನ್ನೇ ಹೇಳಿದೆ. ಅಪ್ಪ ನಕ್ಕ. "ಇಳಿದಿದ್ದನ್ನ ಇಳಿದಿದೆ ಅಂತ ಹೇಳಿದ್ರೆ ಏನ್ ಹೋಗುತ್ತೆ ಪುಟ್ಟಿ? ಮುಚ್ಚಿಟ್ರೆ ಹೋಗುತ್ತೆ."

ಆಗ ನನ್ನನ್ನು ಎಲ್ಲರೂ ಪಾಪು ಗಿಟಾರ್ ಎನ್ನುತ್ತಿದ್ದರು. ಗಣೇಶನ ಪೆಂಡಾಲು, ಬಡಾವಣೆಯ ವಾರ್ಷಿಕೋತ್ಸವ, ಮದುವೆ ಮನೆ, ಎಲ್ಲ ಕಡೆಯೂ ಕರೆ. ಕೇಳಲು ಬಂದವರಿಗಿಂತ ನೋಡಲು ಬಂದವರೇ ಹೆಚ್ಚು. ಇದು ಅಮ್ಮನಿಗೆ ನನಗಿಂತ ಮೊದಲೇ ತಿಳಿದಿತ್ತು. ಹದಿಮೂರು ತುಂಬುವವರೆಗೂ ನನಗೆ ಫ್ರಾಕನ್ನೇ ಹೊಲಿಸಿದಳು. ಎರಡು ಜಡೆ, ಕೆಂಪು ಟೇಪು. ಲಂಗ ಉಡುತ್ತೇನೆ ಎಂದರೆ, ಇನ್ನೊಂದು ವರ್ಷ ತಡಿ ಎನ್ನುತ್ತಿದ್ದಳು. ಆ ವರ್ಷವೂ ಕಳೆಯಿತು. ದಾವಣಿ ಉಟ್ಟು ಹೋದ ಮೊದಲ ಕಛೇರಿಯಲ್ಲಿ ಸಂಘಟಕರು ಅಪ್ಪನನ್ನು ಕೇಳಿದರು, "ಏನ್ ಸಾರ್, ಪಾಪು ಬರ್ಲಿಲ್ವಾ?" ನಾನು ಅಲ್ಲೇ ಗಿಟಾರ್ ಹಿಡಿದು ನಿಂತಿದ್ದೆ.

ಹದಿನೈದರಿಂದ ಇಪ್ಪತ್ಮೂರರವರೆಗೆ ನನ್ನನ್ನು ಕರೆದವರು ಎರಡು ಕೈ ಬೆರಳಿನಷ್ಟೂ ಇಲ್ಲ. ಮೇಷ್ಟ್ರು ಮಾತ್ರ ಇದೇ ಒಳ್ಳೆಯದಾಯಿತು ಎಂದರು. ಇನ್ನು ವೇಗ ಬಿಟ್ಟುಬಿಡು, ಒಂದು ವರ್ಷ ನಿಧಾನವಾಗಿ ಮಾತ್ರ ನುಡಿಸು ಎಂದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನಡುವೆ ಇರುವ ದಾರಿಯನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಚಿಕ್ಕವಳಿದ್ದಾಗ ಹಾರಿಹೋಗುತ್ತಿದ್ದೆ. ಆ ವರ್ಷ ನಡೆದುಹೋಗಲು ಕಲಿತೆ. ಅಪ್ಪ ಕಾರ್ಖಾನೆಗೆ ಹೊರಡುವ ಮೊದಲು, ಕರೆಯುವವರು ಯಾರೂ ಇಲ್ಲದ ಆ ಗಿಟಾರಿನ ತಂತಿಗಳನ್ನು ದಿನವೂ ಕೂರಿಸಿ ಹೋಗುತ್ತಿದ್ದ.

ಆಮೇಲೆ ಮೆಲ್ಲಗೆ ಕಛೇರಿಗಳು ಮರಳಿದವು. ಈಗ ಬರುವವರು ಕೇಳಲು ಬರುತ್ತಿದ್ದರು. ಸಂಖ್ಯೆ ಕಡಿಮೆ, ಆದರೆ ಎದ್ದು ಹೋಗುತ್ತಿರಲಿಲ್ಲ. ಅದೇ ಸಮಯಕ್ಕೆ ಅಪ್ಪ ರಿಟೈರ್ ಆದ. ಕಾರ್ಖಾನೆಯ ಹೂವಿನ ಹಾರವನ್ನು ಗಿಟಾರಿನ ಕೊರಳಿಗೆ ಹಾಕಿ, ಇನ್ನು ಇದೊಂದೇ ಡ್ಯೂಟಿ ಎಂದ.

ಒಂದು ದಿನ ಅಡುಗೆಮನೆಯಿಂದ ಸೀದ ವಾಸನೆ ಬಂತು. ಬೇಳೆ ತಳ ಹಿಡಿದು ಕುಕ್ಕರ್ ಕರಿದಾಗಿತ್ತು. ಅಪ್ಪ ನಡುಮನೆಯಲ್ಲೇ ಪೇಪರ್ ಓದುತ್ತಿದ್ದ. ಎಣಿಸಲಿಲ್ಲವೇನ್ರೀ ಎಂದು ಅಮ್ಮ ಕೇಳಿದರೆ, ಕೂಗೇ ಇಲ್ಲ ಕಣೇ ಅದು, ವಿಷಲ್ ಕೆಟ್ಟಿರಬೇಕು ಎಂದ. ಅಮ್ಮ ಹೊಸ ವಿಷಲ್ ತಂದಳು. ನಾವು ಯಾರೂ ಮುಂದೆ ಯೋಚಿಸಲಿಲ್ಲ.

ಅದಾದ ಮೇಲೆ ಯಲಹಂಕದಲ್ಲಿ ಒಂದು ಕಛೇರಿ. ಅಪ್ಪ ಎಂದಿನಂತೆ ಶ್ರುತಿ ಮಾಡಿ, ಕೂತ್ಕೊಂತು ಎಂದು ಹೇಳಿ, ಮೂರನೇ ಸಾಲಿನ ಮೂಲೆಗೆ ಹೋಗಿ ಕೂತ. ನಾನು ಪಂಚಮದ ತಂತಿ ಮೀಟಿದೆ. ಅದು ಕೂತಿರಲಿಲ್ಲ. ಕೂದಲೆಳೆಯಷ್ಟು ಇಳಿದಿತ್ತು.

ಸ್ಲೈಡ್ ಗಿಟಾರಿನಲ್ಲಿ ರಾಡಿಟ್ಟು ನುಡಿಸುವಾಗ ತಂತಿ ತುಸು ಇಳಿದಿದ್ದರೂ ರಾಡನ್ನು ಅಷ್ಟೇ ಮುಂದಕ್ಕೆ ಸರಿಸಿ ಸರಿ ಮಾಡಿಕೊಳ್ಳಬಹುದು. ರಾಡು ಮುಟ್ಟಿಸದೆ ಮೀಟುವ ತಂತಿಗೆ, ನಾವು ಬರೀ ತಂತಿ ಎನ್ನುತ್ತೇವೆ, ಆ ಅನುಕೂಲವಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತದೆ. ಆ ದಿನ ಬಿರಡೆಗೆ ಕೈ ಹಾಕಿದ್ದರೆ ಸಾಕಿತ್ತು. ಆದರೆ ಅಪ್ಪ ನೋಡುತ್ತಿದ್ದ. ನಾನು ಬರೀ ತಂತಿ ಮೀಟದೆ ಒಂದೂವರೆ ಗಂಟೆ ನುಡಿಸಿ ಎದ್ದೆ.

ಮುಂದಿನ ಕಛೇರಿಯಲ್ಲೂ ಹಾಗೇ ಆಯಿತು, ಅದರ ಮುಂದಿನದರಲ್ಲೂ. ನನಗೆ ಅರ್ಥವಾಯಿತು. ಮೂವತ್ತೈದು ವರ್ಷ ಲೇತಿನ ಪಕ್ಕದಲ್ಲಿ ನಿಂತ ಕಿವಿ ಸದ್ದಿಲ್ಲದೆ ಹೋಗುತ್ತಿತ್ತು, ಮತ್ತು ಅದು ಅಪ್ಪನಿಗೇ ತಿಳಿದಿರಲಿಲ್ಲ. ಮನೆಯಲ್ಲಿ ಅವನು ಹೊರಗೆ ಹೋಗುವವರೆಗೆ ಕಾದು ತಂತಿ ಸರಿಮಾಡಿಕೊಂಡೆ. ಕಛೇರಿಯಲ್ಲಿ ಬರೀ ತಂತಿಯನ್ನು ಬಿಟ್ಟೇ ನುಡಿಸಲು ಕಲಿತೆ. ಅದು ಇರಬೇಕಾದ ಕಡೆಯಲ್ಲೆಲ್ಲ ಸುಮ್ಮನಿದ್ದುಬಿಡುತ್ತಿದ್ದೆ. ಪತ್ರಿಕೆಯೊಂದರಲ್ಲಿ ಯಾರೋ ನನ್ನ ನುಡಿಸಾಣಿಕೆಯ ಮೌನವನ್ನು ಬಹಳ ಹೊಗಳಿ ಬರೆದರು. ಅಪ್ಪ ಅದನ್ನು ಕತ್ತರಿಸಿ, ಲ್ಯಾಮಿನೇಟ್ ಮಾಡಿಸಿ, ನಡುಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ಬಂದವರಿಗೆಲ್ಲ ತೋರಿಸುತ್ತಿದ್ದ. ನಾನು ಆ ಗೋಡೆಗೆ ಬೆನ್ನು ಹಾಕಿ ಅಭ್ಯಾಸಕ್ಕೆ ಕೂರತೊಡಗಿದೆ.

ಮೃದಂಗ ನುಡಿಸುವ ಮಾಮ ನನ್ನ ಫ್ರಾಕಿನ ದಿನಗಳಿಂದ ಜೊತೆಗಿದ್ದವರು. ಅವರನ್ನು ಎಷ್ಟು ದಿನ ವಂಚಿಸಲಿ? ಒಂದು ಸಂಜೆ ಹೆಬ್ಬಾಳದ ಫ್ಲೈಓವರ್ ಕೆಳಗೆ ನಮ್ಮ ಆಟೋ ಸಿಕ್ಕಿಹಾಕಿಕೊಂಡಿತ್ತು. ಅಪ್ಪ ವಾದ್ಯದ ಜೊತೆ ಹಿಂದಿನ ಆಟೋದಲ್ಲಿದ್ದ.

"ಪಾಪು, ನಿಮ್ಮಪ್ಪಂಗೆ ಹೇಳ್ಬಿಡಮ್ಮ," ಎಂದರು.

ಆಗಲ್ಲ ಮಾಮ ಎಂದೆ. ಅವನಿಗೆ ಉಳಿದಿರುವುದು ಅದೊಂದೇ, ಅದನ್ನೂ ನಾನೇ ಕಿತ್ತುಕೊಳ್ಳಲೇ ಎಂದೆ.

"ನೀನ್ ಹೇಳ್ದೆ ಇದ್ರೆ ಬೇರೆ ಯಾರೋ ಹೇಳ್ತಾರೆ. ಅದಕ್ಕಿಂತ ಕಷ್ಟ ಏನ್ ಗೊತ್ತಾ, ಅವರಿಗೇ ಗೊತ್ತಾಗೋದು." ಆಟೋ ಮುಂದಕ್ಕೆ ಹೋಯಿತು. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಮೂರು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ದೊಡ್ಡ ಸಭಾಂಗಣದಿಂದ ಕರೆ ಬಂತು. ಎರಡೂವರೆ ಗಂಟೆಯ ಕಛೇರಿ, ರೆಕಾರ್ಡಿಂಗ್ ಬೇರೆ. ಅಪ್ಪ ಹೊಸ ಬಿಳಿ ಅಂಗಿ ಹಾಕಿದ್ದ. ವೇದಿಕೆಯ ಹಿಂದಿನ ಕೋಣೆಯಲ್ಲಿ ಅರ್ಧ ಗಂಟೆ ಶ್ರುತಿ ಮಾಡಿದ, ಬೆವರಿದ, ಕೂತ್ಕೊಂತು ಎಂದು ಹೇಳಿ ತನ್ನ ಕುರ್ಚಿಗೆ ಹೊರಟ. ಆ ದಿನ ತಂತಿಗಳು ರಾಡಿನಲ್ಲಿ ಮುಚ್ಚುವ ಹಂತ ದಾಟಿದ್ದವು. ಬಾಗಿಲು ಮುಂದಕ್ಕೆ ಮಾಡಿ, ಶ್ರುತಿ ಪೆಟ್ಟಿಗೆ ಹಚ್ಚಿ, ಒಂದೊಂದೇ ಬಿರಡೆ ತಿರುಗಿಸತೊಡಗಿದೆ. ಐದನೆಯದರಲ್ಲಿದ್ದಾಗ ತಲೆ ಎತ್ತಿದೆ. ಅಪ್ಪ ಬಾಗಿಲಲ್ಲಿ ನಿಂತಿದ್ದ. ಕನ್ನಡಕದ ಡಬ್ಬಿ ಮೇಜಿನ ಮೇಲೆ ಮರೆತು ಹೋಗಿದ್ದನಂತೆ.

ಎಷ್ಟು ಹೊತ್ತಿನಿಂದ ನಿಂತಿದ್ದನೋ ಗೊತ್ತಿಲ್ಲ. ಡಬ್ಬಿ ತೆಗೆದುಕೊಂಡ. "ನುಡ್ಸಮ್ಮ, ಟೈಮಾಯ್ತು," ಎಂದು ಹೊರಟುಹೋದ.

ಆ ದಿನ ಮೂರು ವರ್ಷದ ಮೇಲೆ ಬರೀ ತಂತಿಗಳನ್ನು ಮನಸಾರೆ ಮೀಟಿದೆ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಮತ್ತೆ ನುಡಿಸಿದ್ದು ನೆನಪಿಲ್ಲ. ಮೂರನೇ ಸಾಲಿನ ಮೂಲೆಯಲ್ಲಿ ಅಪ್ಪ ಕೈ ಕಟ್ಟಿ ಕೂತಿದ್ದ. ತಂತಿಯ ಮೇಲಿನ ನನ್ನ ಬೆರಳನ್ನೇ ನೋಡುತ್ತಿದ್ದ. ಕೇಳದಿದ್ದರೂ, ಇಷ್ಟು ದಿನ ನಾನು ಯಾವುದನ್ನು ಮೀಟುತ್ತಿರಲಿಲ್ಲ ಎಂಬುದು ಅವನಿಗೆ ಕಂಡಿತು.

ಅದು ಅವರೆಕಾಯಿ ಕಾಲ. ಎರಡು ದಿನ ಬಿಟ್ಟು ನಾವು ಮೂವರೂ ನಡುಮನೆಯಲ್ಲಿ ಪೇಪರ್ ಹಾಸಿಕೊಂಡು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆವು. ಅಪ್ಪ ತಲೆ ಎತ್ತದೆ ಕೇಳಿದ.

"ಎಷ್ಟ್ ದಿನದಿಂದ?"

ಅದೊಂದೇ ದಿನ ಎನ್ನಬಹುದಿತ್ತು. ಬಾಯಿಗೂ ಬಂದಿತ್ತು. "ಮೂರು ವರ್ಷ, ಅಪ್ಪ," ಎಂದೆ. ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಯಿತು.

ಅವನು ನಾಲ್ಕಾರು ಕಾಳು ಹಿಸುಕಿದ. "ಫ್ಯಾಕ್ಟ್ರೀಲಿ ಯಾವನಾದ್ರೂ ನಾನ್ ಕೆಡ್ಸಿದ್ ಜಾಬು ನಂಗ್ ಗೊತ್ತಾಗ್ದಂಗೆ ಸರಿ ಮಾಡಿದ್ದಿದ್ರೆ, ಮಾರನೇ ದಿನ ನಾನು ಗೇಟೊಳಗೆ ಕಾಲಿಡ್ತಿರ್ಲಿಲ್ಲ."

"ನಿಂಗೆ ಬೇಜಾರಾಗುತ್ತೆ ಅಂತ..."

"ಆಗ್ತಿತ್ತು. ಆ ಬೇಜಾರೂ ನಂದೇ ಅಲ್ವಾ? ಅದನ್ನ ನೀನ್ಯಾಕೆ ಇಟ್ಕೊಂಡೆ?"

ಅಮ್ಮ ಇಬ್ಬರ ಮುಖವನ್ನೂ ನೋಡದೆ, ಸಿಪ್ಪೆ ಯಾವುದು ಬೇಳೆ ಯಾವುದು ನೋಡಿ ಹಾಕ್ರಿ, ಎಲ್ಲ ಒಂದೇ ಪಾತ್ರೆಗೆ ಬೀಳ್ತಿದೆ ಎಂದಳು. ಮಾರನೆಯ ಬೆಳಿಗ್ಗೆ ಗೋಡೆಯ ಮೇಲೆ ಆ ಪೇಪರಿನ ತುಂಡು ಇರಲಿಲ್ಲ. ಮೊಳೆ ಮಾತ್ರ ಇತ್ತು. ಈಗಲೂ ಇದೆ.

ಅಪ್ಪ ಮತ್ತೆ ಬಿರಡೆ ಮುಟ್ಟಲಿಲ್ಲ. ಕಛೇರಿಗೆ ಬರುತ್ತಿದ್ದ, ಆದರೆ ಬಾಗಿಲ ಹತ್ತಿರ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ನಾನೂ ಅಮ್ಮನೂ ಬಲವಂತ ಮಾಡಿ ಕಿವಿ ಪರೀಕ್ಷೆ ಮಾಡಿಸಿದೆವು, ಮೆಷಿನ್ ಕೊಡಿಸಿದೆವು. ಅದರಲ್ಲಿ ನಿನ್ನ ಗಿಟಾರ್ ತಗಡು ಬಡಿದಂಗೆ ಕೇಳುತ್ತೆ, ಅದಕ್ಕಿಂತ ಕೇಳದೇ ಇರೋದೇ ವಾಸಿ ಎಂದು ತೆಗೆದು, ನನ್ನ ರಾಡುಗಳ ಡಬ್ಬಿಯಲ್ಲೇ ಇಟ್ಟ.

ಒಂದು ಮಧ್ಯಾಹ್ನ ನಾನು ಹೊಸ ತಂತಿ ಹಾಕುತ್ತಿದ್ದೆ. ಅವನು ಬಂದು ಪಕ್ಕದಲ್ಲಿ ಕೂತು, ಗಿಟಾರಿನ ಹೊಟ್ಟೆಯ ಮೇಲೆ ಅಂಗೈ ಇಟ್ಟ. ಬೇರಿಂಗ್ ಹೇಗಿದೆ ಎಂದು ನೋಡಲು ಲೇತಿನ ಮೇಲೆ ಕೈ ಇಡುತ್ತಿದ್ದದ್ದು ಹೀಗೇ ಇರಬೇಕು. ನಾನು ಷಡ್ಜದ ಎರಡು ತಂತಿಗಳನ್ನು ಒಟ್ಟಿಗೆ ಮೀಟಿ, ಒಂದನ್ನು ತುಸು ಇಳಿಸಿದೆ.

"ಇಲ್ಲ," ಎಂದ.

ಇನ್ನಷ್ಟು ಹತ್ತಿರ ತಂದೆ. "ಇನ್ನೂ ಇಲ್ಲ." ಆಮೇಲೆ ಪೂರ್ತಿ ಸೇರಿಸಿದೆ. ಅದುರು ನಿಂತಿತು. ಅವನ ಬಾಯಿಯನ್ನೇ ನೋಡುತ್ತ ಕಾದೆ. ಅವನು ಬಹಳ ಹೊತ್ತು ಕೈ ಇಟ್ಟೇ ಇದ್ದ.

"ಕೂತಿಲ್ಲ ಅನ್ನೋದು ಗೊತ್ತಾಗುತ್ತೆ ಕಣಮ್ಮ. ಕೂತಿದೆ ಅನ್ನೋದು ಗೊತ್ತಾಗಲ್ಲ."

ಕೂತಿದೆ ಅಪ್ಪ ಎಂದು ನಾನು ಹೇಳಬಹುದಿತ್ತು. ಆಗ ಅದು ನಿಜವೇ ಆಗಿತ್ತು. ಆದರೆ ಮೂರು ವರ್ಷ ಸುಳ್ಳನ್ನು ನುಡಿಸಿದವಳ ಬಾಯಲ್ಲಿ ನಿಜವನ್ನು ಅವನು ನಂಬಬೇಕೇಕೆ? ಅವನು ಕೈ ತೆಗೆದು, ನನ್ನ ತಲೆಯ ಮೇಲೊಮ್ಮೆ ಇಟ್ಟು ಎದ್ದುಹೋದ. ಅವನ ಅಂಗೈ ಬೆಚ್ಚಗಿತ್ತು.

ಅಪ್ಪ ಹೋಗಿ ಎರಡು ವರ್ಷವಾಗುತ್ತ ಬಂತು. ಬಿದ್ದು ಮಲಗಿ ಯಾರಿಗೂ ಕಷ್ಟ ಕೊಡಲಿಲ್ಲ ಎಂದು ನೆಂಟರು ಸಮಾಧಾನ ಹೇಳಿದರು. ಕಷ್ಟ ಕೊಟ್ಟಿದ್ದರೂ ಆಗುತ್ತಿತ್ತು ಎಂದು ನನಗನ್ನಿಸುತ್ತದೆ. ಕೇಳಬೇಕಾದದ್ದು ಒಂದು ಉಳಿದಿತ್ತು. ಕ್ಷಮಿಸು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ. ಅದನ್ನು ಹೇಗೆ ಶುರು ಮಾಡುವುದೆಂದು ಯೋಚಿಸುತ್ತಲೇ ಇದ್ದೆ.

ಅವನು ಹೋದ ಮೇಲೆ ಮೊದಲ ಕಛೇರಿ ಸಂಜಯನಗರದಲ್ಲೇ ಸಿಕ್ಕಿತು. ಪೆಂಡಾಲಲ್ಲ, ಒಂದು ಸಣ್ಣ ಸಭಾಂಗಣ. ಆಲಾಪನೆಯ ನಡುವೆ ಪಂಚಮದ ತಂತಿ ಇಳಿಯಿತು. ಕೂದಲೆಳೆಯಷ್ಟೇ. ಮುಚ್ಚುವುದು ನನಗೆ ಗೊತ್ತು, ಅದರಲ್ಲಿ ನನಗಿಂತ ಪಳಗಿದವರು ಈ ಊರಿನಲ್ಲಿ ಯಾರೂ ಇರಲಾರರು. ಜನ ತಲೆದೂಗುತ್ತಿದ್ದರು. ಮೃದಂಗದ ಮಾಮ ಕತ್ತು ಹೊರಳಿಸಿ ನನ್ನನ್ನು ನೋಡಿದರು.

ರಾಡನ್ನು ತೊಡೆಯ ಮೇಲಿಟ್ಟು ಮೈಕಿಗೆ ಬಗ್ಗಿದೆ. "ಒಂದ್ ನಿಮಿಷ. ತಂತಿ ಇಳಿದಿದೆ," ಎಂದೆ.

ಯಾರೋ ಕೆಮ್ಮಿದರು. ಬಿರಡೆ ತಿರುಗಿಸಿದೆ, ತಲೆಯನ್ನು ಎಡಕ್ಕೆ ವಾಲಿಸಿ ಕೇಳಿದೆ. ಅದುರು ಸಣ್ಣದಾಗುತ್ತ ಬಂದು ನಿಂತಿತು. ಸರಿಯಾಗಿದೆ ಎಂದು ಕಿವಿ ಹೇಳುತ್ತಿತ್ತು. ಆದರೂ ಕೈ ರಾಡಿಗೆ ಹೋಗಲಿಲ್ಲ. ಐದು ವರ್ಷದವಳಿದ್ದಾಗಿನಿಂದ ಅದು ಕಲಿತದ್ದೇ ಹಾಗೆ, ಆ ಒಂದು ಮಾತು ಬೀಳುವವರೆಗೆ ಕಾಯಬೇಕು. ಮೂರನೇ ಸಾಲಿನ ಮೂಲೆಯ ಕುರ್ಚಿಯಲ್ಲಿ ಯಾರೋ ಒಬ್ಬರು ಮೊಬೈಲ್ ನೋಡುತ್ತಿದ್ದರು. ಸಭೆ ಕಾಯುತ್ತಿತ್ತು, ಮಾಮ ಕಾಯುತ್ತಿದ್ದರು. ನಾನೂ ಕಾದೆ. ಆಮೇಲೆ ಯಾರೂ ಹೇಳದೆಯೇ ರಾಡು ಎತ್ತಿಕೊಂಡು, ಮೊದಲು ಬರೀ ತಂತಿಯನ್ನು ಮೀಟಿದೆ.